ಗ್ಯಾರಂಟಿ ಇಲ್ಲದ ಪ್ಯಾಕೇಜು ಮತ್ತು ಅಂಜಿನಪ್ಪನ ತಕ್ಕಡಿ

ಇಪ್ಪತ್ತೊಂಬತ್ತು ವರ್ಷ ನಾನು ರಾಗಿ ತೂಗಿದೆ. ಅಂಗಡಿ ಇಟ್ಟಿದ್ದೆ ಅಂದುಕೊಳ್ಳಬೇಡಿ. ತೂಗಿದ ರಾಗಿಯನ್ನು ಹೊಲದವನಿಗೇ ವಾಪಸು ಕೊಟ್ಟು, ತೂಕವನ್ನು ಮಾತ್ರ ಚೀಟಿಯಲ್ಲಿ ಬರೆದುಕೊಂಡು ಬರುವ ಕೆಲಸ ನನ್ನದು. ಈ ವರ್ಷ ತಾಲ್ಲೂಕಿನಲ್ಲಿ ಎಕರೆಗೆ ಇಷ್ಟು ರಾಗಿ ಆಯಿತು ಎಂದು ದೊಡ್ಡವರು ವೇದಿಕೆಯ ಮೇಲೆ ಹೇಳುತ್ತಾರಲ್ಲ, ಆ ಸಂಖ್ಯೆ ಹುಟ್ಟುತ್ತಿದ್ದದ್ದು ನಮ್ಮಂಥವರ ತಕ್ಕಡಿಯಲ್ಲಿ. ಕೆಲವು ಸಲ ತಕ್ಕಡಿಯೇ ಇಲ್ಲದೆಯೂ ಹುಟ್ಟಿದೆ. ಅದನ್ನೂ ಮುಚ್ಚಿಡದೆ ಹೇಳುತ್ತೇನೆ, ನಿವೃತ್ತನಾಗಿ ಪಿಂಚಣಿ ಶುರುವಾದ ಮೇಲೆ ಮನುಷ್ಯನಿಗೆ ಸ್ವಲ್ಪ ಧೈರ್ಯ ಬರುತ್ತದೆ.

ಮೊನ್ನೆ ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಾಲ್ಕು ಮಾತು ಹೇಳಿ ಎಂದು ಕರೆದಿದ್ದರು. ಅವರೆಲ್ಲರ ತೊಡೆಯ ಮೇಲೂ ಕಂಪ್ಯೂಟರು, ಅದರಲ್ಲಿ ಆರ್ ಎಂಬ ಲೆಕ್ಕದ ಪ್ಯಾಕೇಜು. ನನಗೂ ಅದು ಗೊತ್ತು ಎಂದಾಗ ಒಬ್ಬಾಕೆ, "ನೀವು ಆರ್ ಯಾವ ಕೋರ್ಸಲ್ಲಿ ಕಲಿತ್ರಿ ಸಾರ್?" ಎಂದು ಕೇಳಿದಳು. ದೊಡ್ಡಬಳ್ಳಾಪುರದಲ್ಲಿ, ಸೀರೆ ಡಿಸೈನ್ ಮಾಡುವ ಅಂಗಡಿಯಲ್ಲಿ ಎಂದೆ. ಎಲ್ಲರೂ ನಕ್ಕರು. ಮುದುಕ ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡರು. ನಾನು ಹೇಳಿದ್ದು ನಿಜವಾಗಿದ್ದರಿಂದ ಸ್ವಲ್ಪ ಸಿಟ್ಟು ಬಂತು, ಬರೆಯಲು ಕೂತೆ.

ಎಂಬತ್ತರ ದಶಕದ ಕೊನೆಯಲ್ಲಿ ನಾನು ಸೇರಿದಾಗ ನಮ್ಮದು ಪುಟ್ಟ ಕಚೇರಿ. ಹೆಸರು ಬೇಡ. ಎರಡು ಕೋಣೆ, ಐದು ಜನ, ಒಂದು ಬೀರು. ಆ ಬೀರುವಿನಲ್ಲಿ ಒಂದು ವಿಚಿತ್ರ ಪುಸ್ತಕವಿತ್ತು. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬರೀ ಅಂಕಿ, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ನಾವು ಅದನ್ನು ಲಾಟರಿ ಪುಸ್ತಕ ಎನ್ನುತ್ತಿದ್ದೆವು. ಯಾವ ಊರಿನ ಯಾವ ಸರ್ವೆ ನಂಬರಿನ ಹೊಲಕ್ಕೆ ಹೋಗಬೇಕು, ಹೊಲದ ಮೂಲೆಯಿಂದ ಉದ್ದಕ್ಕೆ ಎಷ್ಟು ಹೆಜ್ಜೆ, ಅಡ್ಡಕ್ಕೆ ಎಷ್ಟು ಹೆಜ್ಜೆ ನಡೆಯಬೇಕು ಎಂಬುದನ್ನೆಲ್ಲ ಆ ಪುಸ್ತಕವೇ ಹೇಳುತ್ತಿತ್ತು. ಹೆಜ್ಜೆ ಮುಗಿದ ಜಾಗದಲ್ಲಿ ಗೂಟ ಹೊಡೆದು, ಐದು ಮೀಟರ್ ಚೌಕಕ್ಕೆ ಹಗ್ಗ ಕಟ್ಟಿ, ಒಳಗಿನ ತೆನೆಯನ್ನೆಲ್ಲ ಕೊಯ್ದು, ಒಕ್ಕಿ, ತೂರಿ, ತೂಗಬೇಕು. ಪೈರು ಚೆನ್ನಾಗಿದ್ದ ಕಡೆಗೆ ಗೂಟವನ್ನು ಒಂದು ಮೊಳ ಸರಿಸುವಂತಿಲ್ಲ, ಬೋಳಾಗಿದ್ದರೆ ಬೋಳನ್ನೇ ಕೊಯ್ಯಬೇಕು.

ಪುಸ್ತಕದಲ್ಲಿ ಇದು ಸುಲಭ. ಬೂದಿಗೆರೆ ಕಡೆಯ ಒಂದು ಹೊಲದಲ್ಲಿ ನಾನು ಗೂಟ ಹೊಡೆಯುವಷ್ಟರಲ್ಲಿ ಹನ್ನೆರಡು ಜನ ಸೇರಿದ್ದರು. ದೇವನಹಳ್ಳಿ ಸುತ್ತ ವಿಮಾನ ನಿಲ್ದಾಣ ಬರುತ್ತದಂತೆ ಎಂಬ ಗುಲ್ಲು ಎದ್ದಿದ್ದ ಕಾಲ ಅದು. ಹಗ್ಗ, ಗೂಟ, ಟೇಪು ಹಿಡಿದು ಬಂದವನನ್ನು ಕಂಡರೆ ಜಮೀನು ಹೋಯಿತು ಎಂದೇ ಲೆಕ್ಕ. ರಾಗಿ ತೂಗಲು ಬಂದಿದ್ದೇನೆ ಎಂದು ಎಷ್ಟು ಹೇಳಿದರೂ ಒಬ್ಬರೂ ನಂಬಲಿಲ್ಲ. ಬೇರೆಯವನ ಹೊಲದ ರಾಗಿ ತೂಗಿ ವಾಪಸು ಕೊಟ್ಟು ಹೋಗುವ ಹುಚ್ಚ ಇರುತ್ತಾನೆಯೇ ಎಂಬುದು ಅವರ ವಾದ, ಅದರಲ್ಲಿ ತಪ್ಪೂ ಇರಲಿಲ್ಲ. ಕೊನೆಗೆ ಹೊಲದ ಯಜಮಾನಿ ಬಂದು ನನ್ನ ಗೂಟವನ್ನು ಕಿತ್ತು ನನ್ನ ಕೈಗೇ ಕೊಟ್ಟು, ಊಟ ಮಾಡಿಕೊಂಡು ಹೋಗಿ ಎಂದರು. ಮುದ್ದೆ, ಅವರೆಕಾಳಿನ ಸಾರು. ಊಟ ಚೆನ್ನಾಗಿತ್ತು, ತೂಕ ಸಿಗಲಿಲ್ಲ.

ತೂಕ ಸಿಗದಿದ್ದರೆ ಚೀಟಿಯಲ್ಲಿ ಖಾಲಿ ಬಿಡಬೇಕು ಎಂಬುದು ನಿಯಮ. ಖಾಲಿ ಬಿಟ್ಟರೆ ಮೇಲಿನವರು ಬೈಯುತ್ತಾರೆ ಎಂಬುದು ರೂಢಿ. ಇನ್ನೊಂದು ತೊಂದರೆಯೂ ಇತ್ತು. ಆಳು ಸಿಕ್ಕಿದ ದಿನ ರೈತ ಕೊಯ್ದುಬಿಡುತ್ತಾನೆ, ನಮ್ಮ ಬಸ್ಸಿಗಾಗಿ ಅವನು ಕಾಯುವುದಿಲ್ಲ. ನಾನು ಹಗ್ಗ ಹೊತ್ತುಕೊಂಡು ಹೋದರೆ ಹೊಲದಲ್ಲಿ ಕೂಳೆ ಮಾತ್ರ ನಿಂತಿರುತ್ತಿತ್ತು. ಎರಡನೆಯ ವರ್ಷವೇ ನಾನು ಇದಕ್ಕೆ ಉಪಾಯ ಕಂಡುಕೊಂಡೆ. ದೊಡ್ಡಬಳ್ಳಾಪುರದ ಬಸ್ ನಿಲ್ದಾಣದ ಎದುರು ಒಂದು ಹೋಟೆಲ್ ಇತ್ತು. ಮಸಾಲೆ ದೋಸೆಗೆ ಹೇಳಿ, ಹೋದ ವರ್ಷದ ಸರಾಸರಿಯನ್ನು ನೆನಪಿಸಿಕೊಂಡು, ಅದರ ಅಕ್ಕಪಕ್ಕದಲ್ಲಿ ನಾಲ್ಕು ಕಿಲೋ ಐನೂರು, ನಾಲ್ಕು ಕಿಲೋ ಏಳ್ನೂರೈವತ್ತು, ಐದು ಕಿಲೋ ಎಂದು ತುಂಬಿಸುವುದು. ದೋಸೆ ಬರುವಷ್ಟರಲ್ಲಿ ಮೂರು ಹೊಲ ಮುಗಿಯುತ್ತಿದ್ದವು. ಉಳಿದ ಮೂವರು ಸಹೋದ್ಯೋಗಿಗಳೂ ಇದನ್ನೇ ಮಾಡುತ್ತಿದ್ದರು. ನಾವು ಯಾರೂ ಇದನ್ನು ಬಾಯಿ ಬಿಟ್ಟು ಹೇಳಿಕೊಳ್ಳುತ್ತಿರಲಿಲ್ಲ, ಆದರೆ ಆ ಹೋಟೆಲಿನಲ್ಲಿ ಆಗಾಗ ಎದುರುಬದುರಾಗಿ ಬೇರೆ ಬೇರೆ ಟೇಬಲ್ಲಿಗೆ ಹೋಗಿ ಕೂರುತ್ತಿದ್ದೆವು.

ಐದನೆಯವರು ಅಂಜಿನಪ್ಪ. ತೂಬಗೆರೆ ಹೋಬಳಿಯವರು, ನನಗಿಂತ ಹತ್ತು ವರ್ಷ ದೊಡ್ಡವರು, ಓದಿದ್ದು ಏಳನೆಯ ತರಗತಿ, ದಿನಗೂಲಿ ನೌಕರ. ಅವರಿಗೆ ಆ ಹೋಟೆಲಿನ ವಿದ್ಯೆ ಹತ್ತಲಿಲ್ಲ. ನಾಳೆ ಯಾರ ಹೊಲ ಕೊಯ್ಲು ಎಂದು ಹಿಂದಿನ ದಿನವೇ ವಿಚಾರಿಸಿಕೊಂಡು ಬರುವರು. ಕಚೇರಿಯ ತಕ್ಕಡಿಗೆ ಐವತ್ತು ಗ್ರಾಮಿಗಿಂತ ಚಿಕ್ಕ ತೂಕದ ಬಟ್ಟು ಇರಲಿಲ್ಲ, ಇವರು ಹತ್ತು ಗ್ರಾಮಿನವರೆಗಿನ ಹಿತ್ತಾಳೆಯ ಬಟ್ಟುಗಳನ್ನು ಎಲ್ಲಿಂದಲೋ ಸಂಪಾದಿಸಿ, ಒಂದು ಕೆಂಪು ಬಟ್ಟೆಚೀಲದಲ್ಲಿ ಕಟ್ಟಿಕೊಂಡು ಓಡಾಡುತ್ತಿದ್ದರು. ಅವರ ಚೀಟಿಯಲ್ಲಿ ಮೂರು ಕಿಲೋ ಆರ್ನೂರ ಎಪ್ಪತ್ತು, ಐದು ಕಿಲೋ ನೂರ ಮೂವತ್ತು, ಇಂಥವೇ. ಕೂಡಿಸುವಾಗ ನಮಗೆ ತಲೆನೋವು. ಹೊಲ ಮೊದಲೇ ಕೊಯ್ದಿದ್ದರೆ ಖಾಲಿ ಬಿಟ್ಟು, ಷರಾ ಕಾಲಂನಲ್ಲಿ ಕಾರಣ ಬರೆಯುತ್ತಿದ್ದರು.

ಒಂದು ಸಲ ನಾನೂ ಅವರ ಜೊತೆ ಹೋಗಿದ್ದೆ. ಹೆಜ್ಜೆ ಎಣಿಸಿಕೊಂಡು ಹೋದರೆ ಚೌಕ ಸರಿಯಾಗಿ ಒಂದು ಹುತ್ತದ ಮೇಲೆ ಬಿತ್ತು. ಹೊಲದವನು ಅಲ್ಲಿ ಹಗ್ಗ ಕಟ್ಟಬೇಡಿ, ನಾಗಪ್ಪ ಇದ್ದಾನೆ ಎಂದ. ಪಕ್ಕಕ್ಕೆ ಸರಿಸೋಣ, ಯಾರು ನೋಡುತ್ತಾರೆ ಎಂದೆ ನಾನು. ಅಂಜಿನಪ್ಪ ಚಪ್ಪಲಿ ಬಿಟ್ಟು, ಹುತ್ತಕ್ಕೆ ಕೈ ಮುಗಿದು, ಅದನ್ನು ಒಳಗೆ ಸೇರಿಸಿಕೊಂಡೇ ಹಗ್ಗ ಕಟ್ಟಿದರು. ಅರ್ಧ ಚೌಕದಲ್ಲಿ ರಾಗಿಯೇ ಇರಲಿಲ್ಲ. ತೂಕ ಒಂದು ಕಿಲೋ ಎಂಟ್ನೂರ ತೊಂಬತ್ತು. ಷರಾದಲ್ಲಿ 'ಚೌಕದೊಳಗೆ ಹುತ್ತ' ಎಂದು ಬರೆದರು. ದಾರಿಯುದ್ದಕ್ಕೂ ನಾನು ಅವರನ್ನು ರೇಗಿಸಿದೆ. ಅವರು ನಗುತ್ತಾ, "ಪುಸ್ತಕ ಅಲ್ಲಿಗೇ ಹೋಗು ಅಂತಲ್ಲ ಸಾರ್, ನಾವ್ ಯಾಕೆ ಪಕ್ಕಕ್ಕೋಗಾದು" ಎಂದರು.

ಕೆಲವು ವರ್ಷಗಳ ಮೇಲೆ ನನ್ನನ್ನು ಹೊಲದಿಂದ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದರು. ಅದೇ ಸಮಯಕ್ಕೆ ಸದಾಶಿವಯ್ಯನವರು ಅಧಿಕಾರಿಯಾಗಿ ಬಂದರು. ಸಂಖ್ಯಾಶಾಸ್ತ್ರವನ್ನು ನಿಜವಾಗಿ ಓದಿದ್ದ ನನ್ನ ಏಕೈಕ ಸಾಹೇಬರು. ನಗುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಕಡತದಲ್ಲಿ ತಪ್ಪು ಕಂಡರೆ ಕನ್ನಡಕ ತೆಗೆದು ಮೇಜಿನ ಮೇಲಿಡುವರು, ನಮಗೆ ಅಷ್ಟೇ ಸಾಕಿತ್ತು. ಅವರ ಹಿಂದೆಯೇ ಕಂಪ್ಯೂಟರು ಬಂತು. ಕೋಣೆಗೆ ಪರದೆ, ಬಾಗಿಲಲ್ಲಿ ಚಪ್ಪಲಿ ಬಿಡಬೇಕು. ಅದರ ಜೊತೆ ಒಂದು ಕಂಪನಿಯ ಲೆಕ್ಕದ ಪ್ಯಾಕೇಜು. ಅದಕ್ಕೊಂದು ಬೀಗ: ಹೆಬ್ಬೆರಳಿನಷ್ಟು ಪ್ಲಾಸ್ಟಿಕ್ ತುಂಡು. ಯಂತ್ರದ ಬೆನ್ನಿಗೆ ಅದನ್ನು ಸಿಕ್ಕಿಸದಿದ್ದರೆ ಪ್ಯಾಕೇಜು ಬಾಯಿ ಬಿಡದು. ಆ ತುಂಡನ್ನು ಸಾಹೇಬರು ಜನಿವಾರದಷ್ಟೇ ಜೋಪಾನವಾಗಿ ಇಟ್ಟುಕೊಂಡಿದ್ದರು.

ತೊಂಬತ್ತರ ದಶಕ ಮುಗಿಯುತ್ತಾ ಬಂದಾಗ ಹಿಂದಿನ ಹತ್ತು ವರ್ಷದ ಚೀಟಿಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿ ಎಂದರು. ಎರಡು ತಿಂಗಳು ಕುಟ್ಟಿದೆ. ಷರಾ ಕಾಲಂ ಏರಿಸುವುದು ಬೇಡ, ಅದು ಅಂಕಿಯಲ್ಲ ಎಂದು ನಾನೇ ತೀರ್ಮಾನಿಸಿದೆ. ನನ್ನ ವೃತ್ತಿಜೀವನದ ದೊಡ್ಡ ತಪ್ಪುಗಳಲ್ಲಿ ಇದಕ್ಕೆ ಎರಡನೆಯ ಸ್ಥಾನ.

ಬೀಗದ ಪ್ಯಾಕೇಜು ಒಂದು ಬೆಳಗ್ಗೆ ಎಲ್ಲ ತೂಕಗಳನ್ನೂ ನೋಡಿ, ಅನುಮಾನ ಬಂದವುಗಳ ಪಕ್ಕ ನಕ್ಷತ್ರ ಇಟ್ಟು ಅಚ್ಚು ಹಾಕಿತು. ಒಟ್ಟು ಮೂವತ್ತೊಂದು ನಕ್ಷತ್ರ. ಮೂವತ್ತೊಂದೂ ಅಂಜಿನಪ್ಪನವು. ಉಳಿದ ನಾಲ್ವರು, ನಾನೂ ಸೇರಿ, ಚೊಕ್ಕಟ. ಯಾಕೆ ಹಾಗೆ ಎಂದು ಪ್ಯಾಕೇಜನ್ನು ಕೇಳುವಂತಿರಲಿಲ್ಲ. ಒಳಗೆ ಏನು ಲೆಕ್ಕ ನಡೆಯುತ್ತದೆ ಎಂಬುದು ಕಂಪನಿಗೇ ಗೊತ್ತು, ಕಂಪನಿ ನಮಗೆ ಹೇಳಿರಲಿಲ್ಲ.

ಇದು ಬಂದ ಗಳಿಗೆಯೂ ಸರಿಯಿರಲಿಲ್ಲ. ಹತ್ತು ವರ್ಷ ದಾಟಿದ ದಿನಗೂಲಿಗಳನ್ನು ಕಾಯಂ ಮಾಡುವ ಪಟ್ಟಿ ಮೇಲಕ್ಕೆ ಹೋಗುವುದಿತ್ತು, ನಮ್ಮಲ್ಲಿ ಅದಕ್ಕೆ ಇದ್ದದ್ದು ಅಂಜಿನಪ್ಪ ಒಬ್ಬರೇ. ಸಾಹೇಬರು ಕನ್ನಡಕ ತೆಗೆದಿಟ್ಟು, ಈತ ಅಂಕಿಗಳನ್ನು ಕಟ್ಟಿ ಬರೆಯುತ್ತಿದ್ದಾನೆ, ಕೆಲಸದಿಂದ ಬಿಡಿಸಲು ಸೋಮವಾರದೊಳಗೆ ಟಿಪ್ಪಣಿ ಬರೆದುಕೊಂಡು ಬನ್ನಿ ಎಂದು ನನಗೆ ಹೇಳಿದರು. ನಾನು ಆಗಲಿ ಸಾರ್ ಎಂದೆ. ನಾನು ಹೆದರಿದ್ದೆ. ದೋಸೆ ತಿನ್ನುತ್ತಾ ಬರೆದವನು ಅಂಜಿನಪ್ಪನಲ್ಲ ಎಂಬುದು ನನಗಿಂತ ಚೆನ್ನಾಗಿ ಇನ್ನು ಯಾರಿಗೆ ಗೊತ್ತಿತ್ತು?

ಸುದ್ದಿ ಹೇಗೋ ಅಂಜಿನಪ್ಪನ ಕಿವಿಗೆ ಬಿತ್ತು. ಅಳಲಿಲ್ಲ, ಬೇಡಿಕೊಳ್ಳಲಿಲ್ಲ. ನನ್ನ ಮೇಜಿನ ಹತ್ತಿರ ಬಂದು ಕೆಂಪು ಚೀಲ ಬಿಚ್ಚಿ ಬಟ್ಟುಗಳನ್ನು ಒಂದೊಂದಾಗಿ ಸಾಲಾಗಿ ಇಟ್ಟರು.

"ತೂಕ ತಪ್ಪೈತೆ ಅಂದ್ರಂತೆ ಸಾರ್. ಬಟ್ಟು ಸವೆದೈತೇನೋ ನೋಡಿ. ಸವೆದಿದ್ರೆ ನಂದೇ ತಪ್ಪು, ಒಪ್ಕೊತೀನಿ."

ತಮ್ಮ ಮೇಲೆ ಸುಳ್ಳಿನ ಆರೋಪ ಬಂದಿದೆ ಎಂದೇ ಅವರಿಗೆ ಹೊಳೆದಿರಲಿಲ್ಲ, ಹಿತ್ತಾಳೆ ಸವೆದಿರಬೇಕು ಎಂದುಕೊಂಡಿದ್ದರು. ನನಗೆ ಆ ಬಟ್ಟುಗಳನ್ನು ಮುಟ್ಟಲು ನಾಚಿಕೆಯಾಯಿತು. ಸೋಮವಾರ ನೋಡೋಣ ಎಂದು ಹೇಳಿ ಕಳಿಸಿದೆ.

ಈಗ ಗೋವಿಂದರಾಜುವಿನ ವಿಷಯಕ್ಕೆ ಬರಬೇಕು. ನನ್ನ ಬಾಲ್ಯದ ಗೆಳೆಯ. ಪವರ್‌ಲೂಮ್ ಸೀರೆಗಳ ಅಂಚು, ಸೆರಗಿಗೆ ಡಿಸೈನ್ ಬರೆದು, ಜಕಾರ್ಡ್ ಮಗ್ಗಕ್ಕೆ ಬೇಕಾದ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆದು ಕೊಡುವುದು ಅವನ ಕಸುಬು. ಕಚೇರಿಗೆ ಇಲ್ಲದ ಸಿಡಿ ಹಾಕುವ ಕಂಪ್ಯೂಟರು ಅವನ ಅಂಗಡಿಯಲ್ಲಿತ್ತು. ಡಿಸೈನ್ ಸಾಫ್ಟ್‌ವೇರ್ ಸಿಗುತ್ತದೇನೋ ಎಂದು ಬೆಂಗಳೂರಿನಿಂದ ಕಂಪ್ಯೂಟರ್ ಮಾಸಿಕಗಳನ್ನು ತರುತ್ತಿದ್ದ, ಅವುಗಳ ಜೊತೆ ಒಂದು ಸಿಡಿ ಬಿಟ್ಟಿಯಾಗಿ ಬರುತ್ತಿತ್ತು. ಕೆಲವು ತಿಂಗಳ ಹಿಂದೆ ಅಂಥ ಒಂದು ಸಿಡಿಯಲ್ಲಿ ಕಂಪ್ಯೂಟರನ್ನೇ ನಡೆಸುವ ಲಿನಕ್ಸ್ ಎಂಬ ಸಾಫ್ಟ್‌ವೇರ್ ಬಂದಿತ್ತು. ನಾನೂ ಅವನೂ ಸೇರಿ ಅದನ್ನು ಹಾಕಿ ನೋಡಿದೆವು. ಡಿಸ್ಕನ್ನು ಭಾಗ ಮಾಡಬೇಕೇ ಎಂದು ಅದು ಕೇಳಿತು, ನಾನು ಹೂಂ ಒತ್ತಿದೆ. ಅವನ ಮೂರು ಸೀರೆಯ ಅಂಚುಗಳು ಅಳಿಸಿಹೋದವು. ಒಂದು ವಾರ ಅವನು ನನ್ನನ್ನು ಮಾತಾಡಿಸಲಿಲ್ಲ. ಮಾತು ಮತ್ತೆ ಶುರುವಾದ ಮೇಲೆ ಸಿಡಿಯಲ್ಲಿ ಇನ್ನೇನಿದೆ ಎಂದು ಪಟ್ಟಿ ನೋಡುವಾಗ, ನೂರಾರು ಹೆಸರುಗಳ ನಡುವೆ ಒಂದೇ ಅಕ್ಷರದ ಪ್ಯಾಕೇಜು ಕಂಡಿತು: ಆರ್. ಸಂಖ್ಯಾಶಾಸ್ತ್ರದ ಲೆಕ್ಕ ಮತ್ತು ಚಿತ್ರಗಳಿಗೆ, ಎಂದು ಪಕ್ಕದಲ್ಲಿ ಬರೆದಿತ್ತು. "ಇನಿಷಿಯಲ್ ಮಾತ್ರ ಐತೆ, ಹೆಸರೇ ಇಟ್ಟಿಲ್ಲವಲ್ಲೋ" ಎಂದ ಗೋವಿಂದರಾಜು.

ಅದನ್ನು ಶುರು ಮಾಡಿದರೆ ಮೊದಲು ಅದು ಹೇಳಿದ ಮಾತೇ, ಇದು ಬಿಟ್ಟಿ ಸಾಫ್ಟ್‌ವೇರ್, ಯಾವ ಗ್ಯಾರಂಟಿಯೂ ಇಲ್ಲ ಎಂದು. ಆಮೇಲೆ ಒಂದು ಚಿಹ್ನೆ ಹಾಕಿಕೊಂಡು ಸುಮ್ಮನೆ ಕೂತಿತು. ಮೆನು ಇಲ್ಲ, ಬಟನ್ ಇಲ್ಲ. ಏನು ಬೇಕೋ ಬರೆದು ಕೇಳಬೇಕು. ಹತ್ತು ನಿಮಿಷ ಒದ್ದಾಡಿ, ಹೊರಗೆ ಬರೋಣ ಎಂದು ಮುಗಿಸುವ ಆಜ್ಞೆಯ ಹೆಸರು ಬರೆದೆ. ಮುಗಿಯಲಿಲ್ಲ. ಬದಲಿಗೆ ನಾಲ್ಕು ಸಾಲು ಏನೋ ಕಕ್ಕಿತು. ಇನ್ನೊಮ್ಮೆ ಬರೆದೆ, ಇನ್ನೊಮ್ಮೆ ಕಕ್ಕಿತು. ಸಿಟ್ಟು ಬಂದು ಗೋಡೆಯ ಮೇಲಿನ ಮೇನ್ ಸ್ವಿಚ್ ಆರಿಸಿದೆ. ಕಂಪ್ಯೂಟರಿನ ಜೊತೆಗೆ ಪಕ್ಕದ ಕೋಣೆಯ ಎರಡು ಮಗ್ಗಗಳೂ ನಿಂತವು. ಅದಕ್ಕೂ ಬೈಸಿಕೊಂಡೆ.

ಆಜ್ಞೆಯ ಹೆಸರಿನ ಮುಂದೆ ಒಂದು ಜೊತೆ ಆವರಣ ಚಿಹ್ನೆ ಹಾಕಿದರೆ ಮಾತ್ರ ಅದು ಕೆಲಸ ಮಾಡುತ್ತದೆ, ಇಲ್ಲದಿದ್ದರೆ ತನ್ನ ಹೊಟ್ಟೆಯಲ್ಲಿ ಇರುವುದನ್ನು ತೋರಿಸುತ್ತದೆ ಎಂದು ನನಗೆ ತಿಳಿದದ್ದು ಮೂರು ದಿನ ಕಳೆದ ಮೇಲೆ. ನಾನು ತಪ್ಪು ಮಾಡಿದಾಗ ಅದು ಕಕ್ಕಿದ್ದೆಲ್ಲ ಅದರ ಲೆಕ್ಕದ ವಿಧಾನ. ಗೋವಿಂದರಾಜು ಪರದೆಯನ್ನೇ ನೋಡುತ್ತಾ ಹೇಳಿದ, "ಇದು ನಮ್ ಕಾರ್ಡ್ ಇದ್ದಂಗೆ ಕಣೋ ಮುನಿಕೃಷ್ಣ. ಸೀರೇಲಿ ಹೂವು ಸೊಟ್ಟ ಬಂದ್ರೆ ಕಾರ್ಡ್ ಬಿಚ್ಚಿ ಯಾವ ತೂತು ತಪ್ಪೈತೆ ಅಂತ ನೋಡ್ತೀವಲ್ಲ, ಹಂಗೆ." ನನಗೆ ಕಚೇರಿಯ ಬೀಗದ ತುಂಡು ನೆನಪಾಯಿತು.

ಅಂಜಿನಪ್ಪ ಬಟ್ಟು ಜೋಡಿಸಿಟ್ಟ ಮರುದಿನ ಶನಿವಾರ. ಚೀಟಿಗಳನ್ನು ಏರಿಸಿದ್ದ ಫ್ಲಾಪಿ ಜೇಬಿನಲ್ಲಿಟ್ಟುಕೊಂಡು ಬೆಳಗ್ಗೆ ಎಂಟಕ್ಕೇ ಗೋವಿಂದರಾಜುವಿನ ಅಂಗಡಿಗೆ ಹೋದೆ. ಮಗ್ಗಗಳ ಖಟಖಟದಲ್ಲಿ ನಾವು ಕೂಗಿಕೊಂಡೇ ಮಾತಾಡಬೇಕಿತ್ತು. ಮೊದಲು ಅಂಜಿನಪ್ಪನ ಸರಾಸರಿ ಕೇಳಿದೆ. ಲಭ್ಯವಿಲ್ಲ ಎಂದಿತು. ಮತ್ತೆ ಕೇಳಿದೆ. ಲಭ್ಯವಿಲ್ಲ. ಹತ್ತು ವರ್ಷದ ತೂಕ ಕೊಟ್ಟಿದ್ದೇನೆ, ಅದರಲ್ಲಿ ಕೆಲವು ಹೊಲ ಖಾಲಿ ಇದ್ದ ಮಾತ್ರಕ್ಕೆ ಸರಾಸರಿಯನ್ನೇ ಹೇಳುವುದಿಲ್ಲ ಎಂದು ಹಟ ಹಿಡಿದು ಕೂತಿತ್ತು. ಖಾಲಿಯನ್ನು ಬಿಟ್ಟು ಲೆಕ್ಕ ಹಾಕು ಎಂದು ನಾನೇ ಬಾಯಿ ಬಿಟ್ಟು ಹೇಳಬೇಕಂತೆ, ಆ ಜವಾಬ್ದಾರಿ ನನ್ನದಂತೆ. ಅಂಜಿನಪ್ಪನ ಬುದ್ಧಿಯೇ ಇದಕ್ಕೂ ಇದೆಯಲ್ಲಪ್ಪಾ ಎಂದುಕೊಂಡೆ. ನನ್ನ ಸರಾಸರಿ ಕೇಳಿದಾಗ ತಟ್ಟನೆ ಉತ್ತರ ಬಂತು. ನನ್ನ ಹತ್ತಿರ ಖಾಲಿ ಹೊಲವೇ ಇರಲಿಲ್ಲ.

ಆಮೇಲೆ ಒಬ್ಬೊಬ್ಬರ ತೂಕವೂ ಎಷ್ಟು ಹರಡಿಕೊಂಡಿದೆ ಎಂದು ಕೇಳಿದೆ. ನಕ್ಷತ್ರದ ಗುಟ್ಟು ಅಲ್ಲಿತ್ತು. ನಾವು ನಾಲ್ವರು ಬರೆದದ್ದೆಲ್ಲ ಹೋದ ವರ್ಷದ ಸರಾಸರಿಗೆ ಒತ್ತಿಕೊಂಡು ನಿಂತಿದ್ದವು. ಹೊಲಗಳು ಹಾಗೆ ಇರುವುದಿಲ್ಲ, ಒಂದರಲ್ಲಿ ಗೊಬ್ಬರ ಬಿದ್ದಿರುತ್ತದೆ, ಒಂದರಲ್ಲಿ ಹುತ್ತ ಇರುತ್ತದೆ. ಅಂಜಿನಪ್ಪನ ತೂಕಗಳು ಹೊಲಗಳಂತೆಯೇ ಹೆಚ್ಚುಕಡಿಮೆ ಇದ್ದವು. ನಾಲ್ವರು ಸುಳ್ಳರ ಗುಂಪಿನಲ್ಲಿ ನಿಂತದ್ದಕ್ಕೆ ಅವರು ದೂರ ಕಂಡರು, ಬೀಗದ ಪ್ಯಾಕೇಜು ದೂರ ಇದ್ದವನಿಗೆ ನಕ್ಷತ್ರ ಅಂಟಿಸಿತು.

ಕೊನೆಗೆ ಅದರಲ್ಲಿ ಕಾಂಡ ಮತ್ತು ಎಲೆ ಎಂಬ ಒಂದು ಚಿತ್ರವಿದೆ, ಅದನ್ನು ಕೇಳಿದೆ. ತೂಕದ ದೊಡ್ಡ ಅಂಕಿಗಳನ್ನು ಎಡಕ್ಕೆ ಕಾಂಡದಂತೆ ನಿಲ್ಲಿಸಿ, ಕೊನೆಯ ಅಂಕಿಯನ್ನು ಎಲೆಯಂತೆ ಬಲಕ್ಕೆ ಪೋಣಿಸುತ್ತದೆ. ನಮ್ಮ ಲೆಕ್ಕದಲ್ಲಿ ಆ ಕೊನೆಯ ಅಂಕಿ ಎಂದರೆ ಹತ್ತು ಗ್ರಾಮಿನದು. ಅಂಜಿನಪ್ಪನ ಕಾಂಡಕ್ಕೆ ಸೊನ್ನೆಯಿಂದ ಒಂಬತ್ತರವರೆಗೆ ಎಲ್ಲ ಎಲೆಗಳೂ ಇದ್ದವು. ನಮ್ಮ ನಾಲ್ವರದು ಸೊನ್ನೆ, ಐದು, ಸೊನ್ನೆ, ಸೊನ್ನೆ, ಐದು. ಐವತ್ತರ ಬಟ್ಟು ಮಾತ್ರ ಇದ್ದದ್ದರಿಂದ ಐದು, ಸೊನ್ನೆ ಬರುವುದು ಸಹಜ ಎಂದು ಒಂದು ಕ್ಷಣ ನನಗೆ ನಾನೇ ವಕೀಲನಾದೆ. ಆದರೆ ನನ್ನ ಸಾಲಿನಲ್ಲಿ ನಾಲ್ಕು ಕಿಲೋ ಐನೂರು ಎಷ್ಟು ಸಲ ಬಂದಿತ್ತೆಂದರೆ, ಆ ಸೊನ್ನೆಗಳ ಸಾಲು ಪರದೆಯ ಅಂಚು ಮುಟ್ಟಿ ಕೆಳಗಿನ ಸಾಲಿಗೆ ಮಡಚಿಕೊಂಡಿತ್ತು. ಯಾವ ವಕೀಲನಿಗೂ ಅದನ್ನು ಗೆಲ್ಲಲು ಆಗುತ್ತಿರಲಿಲ್ಲ.

"ಈ ಸೊನ್ನೆ ಗಿರಾಕಿ ಯಾರೋ?" ಎಂದು ಕೇಳಿದ ಗೋವಿಂದರಾಜು. ಹೇಳಿದೆ. ಅವನು ನಗಲಿಲ್ಲ. ಇದನ್ನು ಸಾಹೇಬರಿಗೆ ತೋರಿಸಿದರೆ ಅಂಜಿನಪ್ಪ ಉಳಿಯುತ್ತಾರೆ, ನಾನು ಹೋಗುತ್ತೇನೆ. ನನ್ನ ಒಂದು ಸಾಲನ್ನು ತೆಗೆದು ಉಳಿದವರದನ್ನು ಮಾತ್ರ ಅಚ್ಚು ಹಾಕುವುದು ಆ ಪ್ಯಾಕೇಜಿನಲ್ಲಿ ಬಲು ಸುಲಭ, ಹಾಗೆ ಒಂದು ಸಲ ಅಚ್ಚು ಹಾಕಿಯೂ ನೋಡಿದೆ ಎಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಅದು ಚೆನ್ನಾಗಿಯೇ ಕಾಣುತ್ತಿತ್ತು. ನಂತರ ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದ ಬಟ್ಟುಗಳು ನೆನಪಾಗಿ, ಆ ಹಾಳೆಯನ್ನು ಹರಿದು ಐವರದನ್ನೂ ಅಚ್ಚು ಹಾಕಿದೆ.

ಸೋಮವಾರ ಟಿಪ್ಪಣಿಯ ಬದಲು ಆ ಹಾಳೆಗಳನ್ನು ಸದಾಶಿವಯ್ಯನವರ ಮುಂದೆ ಇಟ್ಟೆ. ಮೊದಲ ಸಾಲನ್ನೇ ಓದಿ ಅವರ ಬೆರಳು ನಿಂತಿತು.

"ಗ್ಯಾರಂಟಿ ಇಲ್ಲ ಅಂತ ಅದೇ ಹೇಳ್ಕೊಂಡಿದೆಯಲ್ರೀ."

"ಹೌದು ಸಾರ್. ನಮ್ದು ಹೇಳ್ಕೊಂಡಿಲ್ಲ, ಅಷ್ಟೇ ವ್ಯತ್ಯಾಸ" ಎಂದೆ. ಎಲ್ಲಿಂದ ಆ ಧೈರ್ಯ ಬಂತೋ.

ಯಾರು ಮಾಡಿದ್ದು, ರಸೀದಿ ಎಲ್ಲಿ, ತಪ್ಪಾದರೆ ಯಾರನ್ನು ಕೇಳಬೇಕು ಎಂದೆಲ್ಲ ವಿಚಾರಿಸಿದರು. ಆವರಣ ಚಿಹ್ನೆ ಬಿಟ್ಟು ಕಕ್ಕಿಸಿದ್ದ ಲೆಕ್ಕದ ವಿಧಾನಗಳನ್ನೂ ಅಚ್ಚು ಹಾಕಿ ತಂದಿದ್ದೆ. ಕೆಲವು ಕಡೆ ಲೆಕ್ಕ ಇನ್ನೂ ಒಳಗಿದೆ ಎಂದು ಅದು ಕೈ ತೋರಿಸಿತ್ತು, ಆ ಒಳಗಿನದೂ ಮಾಸಿಕದ ಎರಡನೆಯ ಸಿಡಿಯಲ್ಲಿ ಸಿಕ್ಕಿತ್ತು, ಅದನ್ನೂ ತಂದಿದ್ದೆ. ಅಷ್ಟನ್ನು ಅವರ ಕೈಗೆ ಕೊಟ್ಟು, ನಂಬುವುದು ಬೇಡ ಸಾರ್, ಓದಿ ನೋಡಿ ಎಂದೆ. ಅವರು ಇಡೀ ದಿನ ಕೋಣೆಯಿಂದ ಹೊರಗೆ ಬರಲಿಲ್ಲ. ಊಟದ ಡಬ್ಬಿಯನ್ನೂ ಬಿಚ್ಚಲಿಲ್ಲ. ಮರುದಿನ ಮಧ್ಯಾಹ್ನ ಕರೆದಾಗ ಅವರ ಮೇಜಿನ ತುಂಬ ಶಾಯಿ ಪೆನ್ನಿನಲ್ಲಿ ಕೈಯಿಂದ ಮಾಡಿದ ಲೆಕ್ಕ. "ಹರಡಿಕೆ ಲೆಕ್ಕಕ್ಕೆ ಎಣಿಕೆಯಲ್ಲಿ ಒಂದು ಕಳೆದು ಭಾಗಿಸಿದಾರೆ, ಸರಿಯಾಗಿದೆ" ಎಂದರು. ಅವರ ಮುಖದಲ್ಲಿ ನಗೆಯಂಥದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಒಂದು ಕಿಲೋ ಎಂಟ್ನೂರ ತೊಂಬತ್ತರ ಮೇಲೆ ಬೆರಳಿಟ್ಟು, ಇದೇನು ಎಂದು ಕೇಳಿದರು. ಹಳೆಯ ಚೀಟಿ ತೆಗೆದು ಷರಾ ತೋರಿಸಿದೆ. ಚೌಕದೊಳಗೆ ಹುತ್ತ. ಆಮೇಲೆ ಕಾಂಡ ಮತ್ತು ಎಲೆಯ ಹಾಳೆಯಲ್ಲಿ ಸೊನ್ನೆಗಳು ಮಡಚಿಕೊಂಡಿದ್ದ ಸಾಲಿಗೆ ಬಂದರು. ಹೆಸರಿನ ಬದಲು ಅಲ್ಲಿ ಬರೀ ಕ್ರಮಸಂಖ್ಯೆ ಇತ್ತು.

"ಇದು ಯಾರು?"

"ನಾನೇ ಸಾರ್."

ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. ಮನೆ, ಹೆಂಡತಿ, ಶಾಲೆಗೆ ಹೋಗುವ ಮಗಳು ಎಲ್ಲ ಕಣ್ಣ ಮುಂದೆ ಬಂದರು. ಸಾಹೇಬರು ಕಿಟಕಿಯ ಕಡೆ ತಿರುಗಿ, ತಮ್ಮಷ್ಟಕ್ಕೆ ತಾವೇ ಹೇಳಿಕೊಳ್ಳುವಂತೆ ಹೇಳಿದರು:

"ನಾನು ಹೊಲ ತಿರುಗ್ತಿದ್ದ ಕಾಲದ ಚೀಟಿಗಳನ್ನ ಗೆದ್ದಲು ತಿಂದ್ಹಾಕಿದೆ. ನನ್ನ ಪುಣ್ಯ."

ಕಾಯಂ ಪಟ್ಟಿಯಲ್ಲಿ ಅಂಜಿನಪ್ಪನ ಹೆಸರಿನ ಮುಂದೆ, ಹತ್ತು ವರ್ಷದಲ್ಲಿ ನಂಬಬಹುದಾದ ಅಂಕಿಗಳು ಈತನವು ಮಾತ್ರ ಎಂದು ಸ್ವಂತ ಕೈಯಿಂದ ಬರೆದು ಸಹಿ ಹಾಕಿದರು. ಇನ್ನು ಮುಂದೆ ಖಾಲಿ ಬಿಟ್ಟವರನ್ನು ಬೈಯುವುದಿಲ್ಲ, ಷರಾ ಕಾಲಂ ಇಲ್ಲದೆ ಅಂಕಿ ಏರಿಸುವಂತಿಲ್ಲ ಎಂದು ಆಜ್ಞೆ ಹೊರಟಿತು. ಎಲ್ಲರಿಗೂ ಹತ್ತು ಗ್ರಾಮಿನ ಬಟ್ಟು ಬಂತು. ನಮ್ಮ ನಾಲ್ವರ ಮೇಲೆ ಅವರು ಏನೂ ಬರೆಯಲಿಲ್ಲ. ಬರೆದಿದ್ದರೆ ಒಳ್ಳೆಯದಿತ್ತೇನೋ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಮುಂದಿನ ಸುಗ್ಗಿ ಮುಗಿಯುವವರೆಗೆ ನಾನು ಕುರ್ಚಿ ಬಿಟ್ಟು ಅಂಜಿನಪ್ಪನ ಹಗ್ಗ ಹಿಡಿಯಬೇಕು ಎಂದಷ್ಟೇ ಹೇಳಿದರು. ಬೀಗದ ತುಂಡು ಅವರ ಮೇಜಿನ ಮೇಲೆ ಕಾಗದ ಹಾರದಂತೆ ಇಡುವುದಕ್ಕೆ ಬಳಕೆಯಾಯಿತು. ಗೋವಿಂದರಾಜುವಿನ ಸಿಡಿಗಳನ್ನು ಕಚೇರಿ ಇಸಿದುಕೊಂಡು ಇವತ್ತಿಗೂ ವಾಪಸು ಕೊಟ್ಟಿಲ್ಲ, ಅದನ್ನು ಅವನು ಸಿಕ್ಕಾಗಲೆಲ್ಲ ನೆನಪಿಸುತ್ತಾನೆ.

ಆ ಸುಗ್ಗಿಯ ಮೊದಲ ಹೊಲ ತೂಬಗೆರೆಯ ಹತ್ತಿರ. ಬಸ್ಸಿಳಿದು ನಡೆಯುವಾಗ ನಾನು ದೋಸೆಯ ಕಥೆಯನ್ನು ಅಂಜಿನಪ್ಪನಿಗೆ ಪೂರ್ತಿ ಹೇಳಿದೆ. ಅವರು ಬೆರಗಾಗುತ್ತಾರೆ, ಬೇಜಾರು ಮಾಡಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಹೋಟೆಲಿನವನು ತಮಗೆ ಹೇಳಿ ಆಗಲೇ ಎಂಟು ವರ್ಷ ಆಯಿತು ಎಂದರು.

ಹೆಜ್ಜೆ ಎಣಿಸಿದೆವು, ಗೂಟ ಹೊಡೆದೆವು, ಚೌಕದೊಳಗೆ ರಾಗಿಯ ನಡುವೆ ಬಿತ್ತುವ ಒಂದು ಅಕ್ಕಡಿ ಸಾಲಿನ ಅವರೆ ಬಂದಿತ್ತು, ಬಂದದ್ದು ಬಂತೆಂದು ಬಿಟ್ಟೆವು. ತೆನೆ ಕೊಯ್ದು, ಒಕ್ಕಿ, ತೂರಿ, ಮಧ್ಯಾಹ್ನದ ಹೊತ್ತಿಗೆ ತಕ್ಕಡಿ ಎತ್ತಿದೆವು. ಅಂಜಿನಪ್ಪ ಬಟ್ಟು ಇಡುತ್ತಾ ಹೋದರು. ನಾಲ್ಕು ಕಿಲೋ. ಅರ್ಧ ಕಿಲೋ. ಮುಳ್ಳು ನೆಟ್ಟಗೆ ನಿಂತಿತು. ಹತ್ತು ಗ್ರಾಮು ಹಾಕಿದರೆ ಬಟ್ಟಿನ ತಟ್ಟೆ ಇಳಿಯಿತು, ತೆಗೆದರೆ ಮತ್ತೆ ನೆಟ್ಟಗೆ. ರಾಗಿಯನ್ನು ಇಳಿಸಿ, ತಟ್ಟೆಗಳನ್ನು ಅದಲುಬದಲು ಮಾಡಿ ಇನ್ನೊಮ್ಮೆ ತೂಗಿಸಿದೆ. ನಾಲ್ಕು ಕಿಲೋ ಐನೂರು. ನಾನು ಅಷ್ಟು ವರ್ಷ ಹೋಟೆಲಿನಲ್ಲಿ ಕೂತು ಬರೆದ ಅದೇ ತೂಕ, ಮೊದಲ ಸಲ ನಿಜವಾಗಿ ತಕ್ಕಡಿಯಲ್ಲಿ ಕೂತಿತ್ತು.

ಪೆನ್ನು ಹಿಡಿದು ನಿಂತೆ. ಬರೆಯಲು ಆಗಲಿಲ್ಲ. ಇದನ್ನು ಸಾಹೇಬರು ನಂಬುತ್ತಾರೆಯೇ? ಹತ್ತು ಗ್ರಾಮು ಸೇರಿಸಿ ಬರೆದರೆ ಎಲ್ಲರಿಗೂ ಸಮಾಧಾನ, ಹತ್ತು ಗ್ರಾಮು ರಾಗಿಯಿಂದ ಯಾರ ಗಂಟು ಹೋಗುತ್ತದೆ ಎಂಬ ಯೋಚನೆಯೂ ಬಂತು. ಅಂಜಿನಪ್ಪ ನನ್ನ ಮುಖವನ್ನೂ ಚೀಟಿಯನ್ನೂ ನೋಡಿದರು.

"ಇಲ್ದಿರೋ ಸೊನ್ನೇನೆಲ್ಲ ಅಷ್ಟು ಧೈರ್ಯವಾಗಿ ಬರೆದ್ರಲ್ಲ ಸಾರ್" ಎಂದರು. "ಈಗ ಇರೋ ಸೊನ್ನೆ ಬರೆಯೋಕೆ ಯಾಕೆ ಹಿಂದೆಮುಂದೆ ನೋಡ್ತೀರ?"

ನಾಲ್ಕು ಕಿಲೋ ಐನೂರು ಎಂದು ಬರೆದೆ. ಅವರು ನನ್ನ ಕೈಯಿಂದ ಪೆನ್ನು ಇಸಿದುಕೊಂಡು, ಷರಾ ಕಾಲಂನಲ್ಲಿ ತಮ್ಮ ದಪ್ಪ ಅಕ್ಷರದಲ್ಲಿ ಸೇರಿಸಿದರು: 'ಎರಡು ಸಲ ತೂಗಿದ್ದೇವೆ. ನಾನೂ ನೋಡಿದ್ದೇನೆ. ಅಂಜಿನಪ್ಪ.'